ಮುತ್ಯಾನ ಚಹಾದ ಕರಾರು

ಅವ್ವ ಅಲಮಾರಿ ತರಲೆಂದು ಹೋಗಿ ಪಿಯಾನೋ ತಂದಳು. ನನ್ನ ಸಂಗೀತದ ಕತೆ ಶುರುವಾಗುವುದು ಈ ಯಡವಟ್ಟಿನಿಂದಲೇ. ನಾನು ಎಲ್ಲಿ ಕಲಿತೆ, ಯಾವ ಯಾವ ಊರಿನ ವಾದ್ಯವೃಂದಗಳನ್ನು ನಡೆಸಿದೆ, ಎಲ್ಲೆಲ್ಲಿ ಪಿಯಾನೋ ನುಡಿಸಿದೆ ಎಂಬುದನ್ನೆಲ್ಲ ಕಾರ್ಯಕ್ರಮದ ಹಾಳೆಗಳಲ್ಲಿ ಬೇರೆಯವರು ಬರೆದಿದ್ದಾರೆ, ನನಗಿಂತ ಚೆನ್ನಾಗಿಯೇ ಬರೆದಿದ್ದಾರೆ. ಅವುಗಳಲ್ಲಿ ಎಲ್ಲೂ ಚಿದ್ರಿಯ ನಮ್ಮ ಮನೆ ಬರುವುದಿಲ್ಲ. ಬೀದರದ ಅಂಚಿನ ಆ ಮನೆಗೆ ಎರಡೂವರೆ ಕೋಣೆ. ಅಡುಗೆಮನೆ ಒಂದು, ಪಡಸಾಲೆ ಒಂದು. ನಡುವೆ ಒಬ್ಬರು ಮಲಗಿದರೆ ಇನ್ನೊಬ್ಬರು ದಾಟಲಾಗದಂಥ ಸಂದು, ಅದನ್ನು ಅಪ್ಪ ಅರ್ಧ ಕೋಣೆ ಎಂದು ಹಿಡಿಯುತ್ತಿದ್ದ. ನಾವು ನಾಲ್ವರು: ಬೀದರ ರೈಲು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಅಪ್ಪ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವ್ವ, ಅಪ್ಪನ ಅಪ್ಪ ಮುತ್ಯಾ, ಮತ್ತು ನಾನು. ಗೋಡೆಯ ಮೇಲೆ ಎರಡು ಫೋಟೋ: ಕಣ್ಣು ಮುಚ್ಚಿದ ಬುದ್ಧ, ನೀಲಿ ಕೋಟಿನ ಬಾಬಾ. ಉಳಿದ ಜಾಗದಲ್ಲೆಲ್ಲ ಗೂಟ, ಗೂಟಕ್ಕೆಲ್ಲ ಬಟ್ಟೆ. ಅವ್ವನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ, ಕನ್ನಡಿ ಇರುವ ಅಲಮಾರಿ.

ಆಸ್ಪತ್ರೆಯ ವಿಲಾಯತಿ ಡಾಕ್ಟರ್ ದಂಪತಿ ಕಾಯಂ ಆಗಿ ತಮ್ಮ ದೇಶಕ್ಕೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಕೆಲಸದವರಿಗೆ ಹಂಚಿ ಹೋಗುವುದೆಂದಾಯಿತು. ಅವ್ವ ಬಂಡಿ ಮಾಡಿಕೊಂಡು, ಹೊರಲು ಓಣಿಯ ನಾಲ್ವರು ಗಂಡಸರನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಅಲಮಾರಿಯನ್ನು ಕಂಪೌಂಡರ್ ಒಯ್ದಾಗಿತ್ತು. ಉಳಿದದ್ದು ಯಾರಿಗೂ ಬೇಡವಾದ ಪಿಯಾನೋ. ಬಂಡಿ ಬಂದಿದೆ, ಜನ ಬಂದಿದ್ದಾರೆ, ಖಾಲಿ ಬಂಡಿ ತಿರುಗಿಸಿಕೊಂಡು ಹೋದರೆ ಓಣಿಯ ತುಂಬ ನಗೆಪಾಟಲು. ಮಾನ ಉಳಿಸಿಕೊಳ್ಳಲು ತಂದೆ ಎಂದೇ ಅವಳು ಕಡೆಯವರೆಗೂ ಹೇಳುತ್ತಿದ್ದಳು. ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದ ಮುತ್ಯಾ ಬಂಡಿಯನ್ನು ನೋಡಿದ.

"ಏನದು?"

"ಅಲಮಾರಿ ರೀ, ಮಾವಾ."

ಪಡಸಾಲೆಯಲ್ಲಿ ಇಳಿಸಿದಾಗ ಅದರ ಹೊಟ್ಟೆಯೊಳಗಿನ ತಂತಿಗಳೆಲ್ಲ ಒಟ್ಟಿಗೆ ಗುಂಯ್ ಎಂದವು.

"ಅಲಮಾರಿ ನರಳ್ತದೇನವ್ವಾ?"

"ಹಳೇದ್ರಿ. ಹಳೇವೆಲ್ಲಾ ನರಳತಾವ."

ಏಳುವಾಗ ಕೂರುವಾಗ ತಾನೂ ನರಳುತ್ತಿದ್ದುದರಿಂದ ಮುತ್ಯಾ ಮುಂದೆ ಮಾತಾಡಲಿಲ್ಲ. ಆದರೆ ಅದು ವಾದ್ಯವೆಂದು ಅವನಿಗೆ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ವಾದ್ಯ ಇರಕೂಡದು ಎಂಬುದು ಅವನ ಕಟ್ಟಳೆ. ನಮ್ಮ ಹಳೆಯ ಊರು ಭಾಲ್ಕಿಯ ಹತ್ತಿರದ್ದು. ಹೆಸರು ಬರೆಯುವುದಿಲ್ಲ, ಈಗ ಅಲ್ಲಿ ನನ್ನ ಗೆಳತಿಯ ಮೊಮ್ಮಕ್ಕಳಿದ್ದಾರೆ. ಆ ಊರಲ್ಲಿ ಹಲಗೆ ಬಾರಿಸುವುದು ನಮ್ಮವರ ಪಾಲಿಗೆ ಬಂದದ್ದು. ಮದುವೆಗೆ, ಸಾವಿಗೆ, ಡಂಗುರಕ್ಕೆ ಯಾರೋ ದೂರ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಕೈಯಲ್ಲಿ ತುತ್ತಿದ್ದರೂ ಕೆಳಗಿಟ್ಟು ಏಳಬೇಕು. ಬುದ್ಧನಿಗೆ ಶರಣು ಹೋದ ದಿನ ಮುತ್ಯಾ ತನ್ನ ಹಲಗೆಯನ್ನು ಒಲೆಗೆ ಹಾಕಿ, ಆ ಉರಿಯಲ್ಲಿ ಕಾದ ನೀರಿನಿಂದ ತಲೆಗೆ ಎರೆದುಕೊಂಡನಂತೆ. ಅಪ್ಪನಿಗೆ ನೌಕರಿ ಸಿಕ್ಕ ಮೇಲೆ ಬೀದರಕ್ಕೆ ಬಂದರು. ರೇಡಿಯೋ ಇತ್ತು, ವಾರ್ತೆಗೆ ಮಾತ್ರ. ವಾರ್ತೆ ಮುಗಿದು ಹಾಡು ಶುರುವಾದರೆ ಮುತ್ಯಾನ ಕೈ ಗುಂಡಿಯ ಕಡೆ ಹೋಗುತ್ತಿತ್ತು. ಅವನು ಬುದ್ಧ ವಿಹಾರಕ್ಕೆ ಪೇಪರ್ ಓದಲು ಹೋಗುವುದನ್ನೇ ಕಾಯ್ದು ಅಪ್ಪ ಅವ್ವ ಹಾಡು ಕೇಳುತ್ತಿದ್ದರು, ಕಳ್ಳರ ಹಾಗೆ, ದನಿ ತಗ್ಗಿಸಿ.

ಕಟ್ಟಳೆ ಎಂದರೆ ಮುತ್ಯಾ ಗಡಸು ಮನುಷ್ಯ ಅಂದುಕೊಳ್ಳಬೇಡಿ. ನನ್ನ ಜಡೆ ಹೆಣೆಯುತ್ತಿದ್ದವನು ಅವನೇ, ಅವ್ವನ ಡ್ಯೂಟಿ ನಸುಕಿಗೇ ಶುರುವಾಗುತ್ತಿತ್ತು. ಬಿಸಿ ರೊಟ್ಟಿಯ ಮೇಲ್ಪದರ ಸುಲಿದು, ಒಳಗೆ ಪುಂಡಿಪಲ್ಯ ಇಟ್ಟು ನನಗೆ ಕೊಟ್ಟ ಮೇಲೇ ಅವನು ಉಣ್ಣುತ್ತಿದ್ದ. ಬದಲಿಗೆ ನನ್ನ ಪಾಲಿಗೆ ಒಂದು ಕೆಲಸವಿತ್ತು: ಭಾನುವಾರ ಸಂಜೆ ಅವನ ಪಾದಕ್ಕೆ ಕುಸುಬೆ ಎಣ್ಣೆ ತಿಕ್ಕುವುದು. ಎರಡೂ ಹಿಮ್ಮಡಿಗಳಲ್ಲಿ ಒಣಗಿದ ಗಾಯದ ಕಲೆಗಳಿದ್ದವು, ಒಂದರ ಮೇಲೊಂದು, ಬೆರಳಿಗೆ ಹತ್ತುವಷ್ಟು.

"ಇದೇನು ಮುತ್ಯಾ?"

"ಕಲ್ಲು ಬಡದಿತ್ತು."

"ಎರಡೂ ಕಾಲಿಗಿ?"

"ಊರಾಗ ಕಲ್ಲು ಭಾಳ ಇದ್ವು."

ಇನ್ನೊಂದು ಚಾಳಿ ಇತ್ತು ಅವನಿಗೆ. ಯಾರೇ ದೊಡ್ಡವರ ಮುಂದಿನಿಂದ ಎದ್ದರೂ, ಹೆಡ್ಮಾಸ್ತರಾಗಲಿ ಡಾಕ್ಟರಾಗಲಿ, ನಾಲ್ಕು ಹೆಜ್ಜೆ ಹಿಂದಕ್ಕೇ ಸರಿದು ಆಮೇಲೆ ತಿರುಗುತ್ತಿದ್ದ. ನನಗದು ತಮಾಷೆ. ನಾನೂ ಹಾಗೇ ನಡೆದು ತೋರಿಸಿ ಅಪ್ಪನನ್ನು ನಗಿಸುತ್ತಿದ್ದೆ. ಆಟಕ್ಕೆಂದು ಮಾಡಿದ್ದು ಮೈಗೆ ಹತ್ತಿತ್ತೆಂದು ಆಗ ತಿಳಿಯಲಿಲ್ಲ.

ಒಂದು ವರ್ಷ ಪಿಯಾನೋ ಅಲಮಾರಿಯಾಗಿಯೇ ಬಾಳಿತು. ನೆತ್ತಿಯ ಮೇಲೆ ಕೌದಿ ಮತ್ತು ತೊಗರಿಬೇಳೆಯ ಡಬ್ಬಿ, ಮುಚ್ಚಳದ ಮೇಲೆ ಮಡಿಸಿದ ಸೀರೆ, ಕೆಳಗೆ ಪೆಡಲ್ಲಿನ ಹತ್ತಿರ ಉಳ್ಳಾಗಡ್ಡಿ ಬುಟ್ಟಿ. ಮುತ್ಯಾ ವಿಹಾರಕ್ಕೆ ಹೋದ ಕೂಡಲೇ ನಾನು ಸೀರೆಗಳನ್ನು ಎತ್ತಿ ಇಡುತ್ತಿದ್ದೆ. ವಿಹಾರದಲ್ಲಿ ಹೇಳುವ ವಂದನೆಯ ಧಾಟಿಯನ್ನು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಹಿಡಿದೆ. ಅದರಲ್ಲಿ ಬೇಕಾದ ಒಂದು ಬಿಳಿ ಪಟ್ಟಿ ಸತ್ತಿತ್ತು, ಒತ್ತಿದರೆ ಟೊಕ್ ಎನ್ನುತ್ತಿತ್ತು ಅಷ್ಟೇ. ಆ ಜಾಗ ಬಂದಾಗ ಆ ಒಂದು ಸ್ವರವನ್ನು ಬಾಯಿಂದ ಹಾಡಿ ಮತ್ತೆ ಬೆರಳಿಗೆ ಬರುತ್ತಿದ್ದೆ. ಒಂದು ಮಧ್ಯಾಹ್ನ ಹೀಗೆ ಹಾಡುತ್ತಿರುವಾಗ ತಿರುಗಿ ನೋಡಿದರೆ ಹೊಸ್ತಿಲಲ್ಲಿ ಮುತ್ಯಾ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಯ್ಯಲಿಲ್ಲ. ಅವ್ವ ಡ್ಯೂಟಿಯಿಂದ ಬರುವವರೆಗೂ ಹೊರಸಿನಿಂದ ಏಳಲಿಲ್ಲ.

"ಮನ್ಯಾಗ ವಾದ್ಯ ಬ್ಯಾಡ ಅಂದಿದ್ದೆ ಇಲ್ಲೋ?"

ಅವ್ವ ಯೂನಿಫಾರ್ಮಿನಲ್ಲೇ ಇದ್ದಳು. ಖಟಕ ಚಿಂಚೋಳಿಯ ಹೆಣ್ಣುಮಗಳು, ಮಾತಿಗೆ ಹಿಂದೆ ಬಿದ್ದವಳಲ್ಲ. ಆದರೆ ಮಾವನಿಗೆ ಎದುರಾಡಿದ್ದು ನಾನು ಕಂಡಂತೆ ಅದೊಂದೇ ಸಲ.

"ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಬಿಟ್ಟದ್ದು ಬಾರಸೂದೇನ್ರಿ, ಮಂದಿ ಕರದಲ್ಲಿಗಿ ಎದ್ದು ಹೋಗೂದೇನ್ರಿ?"

ಎರಡು ದಿನ ಮುತ್ಯಾ ಯಾರ ಜೊತೆಗೂ ಉಣ್ಣಲಿಲ್ಲ. ತಾಟನ್ನು ಬೇವಿನ ಕೆಳಗೆ ಒಯ್ದು ಬೆನ್ನು ತಿರುಗಿಸಿ ಉಂಡ. ಸುಲಿದ ರೊಟ್ಟಿ ಸಿಗದೆ ನಾನೂ ಎರಡು ದಿನ ಗಟ್ಟಿ ರೊಟ್ಟಿ ಜಗಿದೆ. ಮೂರನೆಯ ದಿನ ಔರಾದಿನಿಂದ ಪೇಟಿ ರಿಪೇರಿ ಮಾಡುವ ಇಸ್ಮಾಯಿಲ್ ಚಾಚಾನನ್ನು ಕರೆಸಿದವನು ಮುತ್ಯಾನೇ. ಚಾಚಾ ಊರೂರಿನ ಹಾರ್ಮೋನಿಯಂ ಪೇಟಿಗಳ ವೈದ್ಯ. ಪಿಯಾನೋದ ಒಳಗನ್ನು ಹುಟ್ಟಿದಾಗಿನಿಂದ ಕಂಡವನಲ್ಲ. ಮುಂದಿನ ಹಲಗೆ ತೆಗೆದು ಇಣುಕಿ ಹಣೆ ಬಡಿದುಕೊಂಡ.

"ಯಾ ಅಲ್ಲಾ! ಇದು ಪೇಟಿ ಅಲ್ರೀ. ನೂರು ಸಿತಾರು ತಂದು ಒಂದೇ ಸಂದೂಕಿನಾಗ ತುಂಬ್ಯಾರ!"

ನಾಲ್ಕು ದಿನ ನಮ್ಮಲ್ಲೇ ಉಂಡು, ಇಲಿಗೂಡು ತೆಗೆದು, ಸತ್ತ ಪಟ್ಟಿಗಳನ್ನು ಎಬ್ಬಿಸಿ, ತನ್ನ ಪೇಟಿಗೆ ಹೊಂದಿಸಿ ತಂತಿ ಬಿಗಿದ. ಹಳೆಯ ತಂತಿ ಪೂರಾ ಬಿಗಿದರೆ ಹರಿದೀತೆಂದು ಅರ್ಧ ಸ್ವರ ಕೆಳಗೇ ನಿಲ್ಲಿಸಿದ. ಇಂದಿಗೂ ಜಗತ್ತಿನ ಪಿಯಾನೋಗಳೆಲ್ಲ ನನ್ನ ಕಿವಿಗೆ ಅರ್ಧ ಸ್ವರ ಮೇಲಿವೆ. ಚಾಚಾ ಹೋದ ಮೇಲೆ ಮುತ್ಯಾ ನನ್ನನ್ನು ಮುಂದೆ ಕೂರಿಸಿಕೊಂಡು ಕರಾರು ಹಾಕಿದ.

"ಬಾರಸು. ಆದರ ಯಾರರ ನಿನ್ನ ಕರೀಲಾಕ ಬಂದ್ರ, ಅವರು ಒಳಗ ಬರಬೇಕು. ನಮ್ಮ ಸರಿಸಮ ಕುಂದ್ರಬೇಕು. ನಮ್ಮ ಕಪ್ಪಿನಾಗ ಚಾ ಕುಡೀಬೇಕು. ಅಂಗಳದಾಗ ನಿಂತು ಕರದ್ರ ಕೈ ಎತ್ತಬ್ಯಾಡ."

"ಆಯ್ತು ಮುತ್ಯಾ" ಎಂದೆ. ಹತ್ತು ವರ್ಷದ ಹುಡುಗಿಗೆ ಚಹಾ ಕುಡಿಯುವುದು ಕಷ್ಟದ ಕೆಲಸವೆಂದು ಹೇಗೆ ಗೊತ್ತಾಗಬೇಕು?

ಅವ್ವನ ಜೊತೆಗೆ ಕೆಲಸ ಮಾಡುತ್ತಿದ್ದ ಸುಗುಣಾ ಸಿಸ್ಟರ್ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಅವರು ವಾರಕ್ಕೆರಡು ಸಲ ಬಂದು ಹತ್ತೂ ಬೆರಳು ಕಲಿಸಿದರು, ಐದು ಗೆರೆಯ ಮೇಲೆ ಸ್ವರ ಬರೆಯುವುದನ್ನು ಕಲಿಸಿದರು. ನಾನು ಎಂಟನೆಯ ತರಗತಿಗೆ ಬಂದ ವರ್ಷ ಭಾಲ್ಕಿಯಲ್ಲಿ ಶಾಲೆಗಳ ಗ್ಯಾದರಿಂಗ್ ಆಗುವುದಿತ್ತು. ಬೀದರ, ಭಾಲ್ಕಿ, ಔರಾದ ಮೂರೂ ಊರಿನ ನಲವತ್ತು ಮಕ್ಕಳು ಸಿಸ್ಟರ್ ಕಟ್ಟಿಕೊಟ್ಟ ಎರಡು ದನಿಯ ಹಾಡನ್ನು ಒಟ್ಟಿಗೆ ಹಾಡಬೇಕು. ಒಬ್ಬರು ಕೈಯಾಡಿಸಿ ನಡೆಸಬೇಕು. ಸಿಸ್ಟರ್ ನನ್ನ ಹೆಸರು ಹೇಳಿದರು: ಸುಜಾತಾ. ಎರಡು ಭಾನುವಾರ ನಮ್ಮ ಶಾಲೆಯಲ್ಲೇ ತಾಲೀಮು ನಡೆಯಿತು. ನನಗೆ ಹಸಿವು ನಿದ್ದೆ ಮರೆತುಹೋಯಿತು. ನಲವತ್ತು ಜನರ ಉಸಿರು ನನ್ನ ಕೈ ಕಾಯುತ್ತದೆ ಎಂಬುದೇ ಒಂದು ಹುಚ್ಚು. ತೊಂದರೆ ಎಂದರೆ ಔರಾದಿನ ಮಕ್ಕಳು ಪ್ರತಿ ಸಲವೂ ಒಂದು ಮಾತ್ರೆ ತಡವಾಗಿ ಎತ್ತಿಕೊಳ್ಳುತ್ತಿದ್ದರು. ತಪ್ಪು ಅವರದಲ್ಲ, ನನ್ನದು. ಎದುರಿಗೆ ಕುರ್ಚಿಯಲ್ಲಿ ಮಾಸ್ತರರು ಕೂತಿರುತ್ತಿದ್ದರು. ನಾನು ಅವರ ಕಡೆ ಮುಖ ಮಾಡಿ, ಹಾಡುವವರನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೈಯಾಡಿಸುತ್ತಿದ್ದೆ. ಸಿಸ್ಟರ್ ಹೆಗಲು ಹಿಡಿದು ತಿರುಗಿಸುತ್ತಿದ್ದರು. ಅವರು ಅತ್ತ ಹೋದ ಕೂಡಲೇ ಮೈ ತಾನಾಗಿ ಮತ್ತೆ ಕುರ್ಚಿಗಳ ಕಡೆಗೆ ತಿರುಗುತ್ತಿತ್ತು.

ಹೆಣ್ಣುಮಗಳನ್ನು ಪರಊರಿಗೆ ಕರೆದೊಯ್ಯುವುದೆಂದರೆ ಮನೆಯ ಹಿರಿಯರ ಅಪ್ಪಣೆ ಬೇಕು. ಗ್ಯಾದರಿಂಗಿನ ಅಧ್ಯಕ್ಷರೇ ಬಂದು ಕೇಳುತ್ತಾರೆ ಎಂದರು ಹೆಡ್ಮಾಸ್ತರರು. ಅಪ್ಪಣೆ ಸಿಗದಿದ್ದರೆ ಭಾಲ್ಕಿಯ ಪೇಟಿ ಮಾಸ್ತರರೇ ಹಾಡು ನಡೆಸುವುದೆಂದು ಮಾತಾಗಿತ್ತು. ಅಧ್ಯಕ್ಷ ಎಂದರೆ ನಮ್ಮ ಹಳೆಯ ಊರಿನ ಸಾವಕಾರ. ಮಕ್ಕಳ ಓದಿಗೆಂದು ಬೀದರದಲ್ಲೂ ಮನೆ ಮಾಡಿದ್ದ. ಅವನ ಮಗಳು ಶೋಭಾ ನನ್ನದೇ ತರಗತಿ, ನನ್ನದೇ ಬೆಂಚು. ಅವನ ಮದುವೆಯಲ್ಲಿ ಹಲಗೆ ಬಾರಿಸಿದವನು ನಮ್ಮ ಮುತ್ಯಾ. ಅವನ ಜೀಪು ನಮ್ಮ ಬೇಲಿಯ ಆಚೆ ನಿಂತಾಗ ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಯಾರೂ ಹೇಳದೆಯೇ ಅವ್ವ ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದಳು.

"ಬರ್ರಿ, ಒಳಗ ಬರ್ರಿ" ಎಂದ ಮುತ್ಯಾ.

"ಹೊತ್ತಾಗ್ಯಾದ. ಇಲ್ಲೇ ಒಂದು ಮಾತು ಹೇಳಿ ಹೋಗ್ತೇನಿ."

"ಚಾ ಕುಡದು ಹೋಗ್ರಿ."

"ಚಾ ಬಿಟ್ಟೀನ್ರಿ. ಸಕ್ರಿ ಬ್ಯಾನಿ ಅದ ನನಗ."

"ಹಂಗಾರ ನೀರು ಕುಡೀರಿ."

ಸಾವಕಾರ ಗಡಿಯಾರ ನೋಡಿದ, ಬೇವಿನ ಮರ ನೋಡಿದ, ಇನ್ನೊಮ್ಮೆ ಬರುತ್ತೇನೆ ಎಂದು ಜೀಪು ಹತ್ತಿದ. ಚಹಾ ಉಕ್ಕಿ ಒಲೆ ಆರಿತು.

ಅವತ್ತು ನಾನು ಮುತ್ಯಾನಿಗೆ ಆಡಬಾರದ ಮಾತಾಡಿದೆ. ಈ ವಯಸ್ಸಿನಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ.

"ನಿನ್ನ ಹಲಗಿ ಸಿಟ್ಟು ನನ್ನ ಮ್ಯಾಲ ಯಾಕ ಹಾಕ್ತಿ? ಒಂದು ಕಪ್ಪು ಚಾ ಸಲುವಾಗಿ ನನ್ನ ಹಾಡು ಕೆಡಿಸ್ದಿ!"

ಅಪ್ಪ ಹೊಡೆಯಲು ಎದ್ದ. ಮುತ್ಯಾ ಕೈ ಅಡ್ಡ ಹಿಡಿದ. ನನ್ನನ್ನು ಹೊರಸಿನ ಮೇಲೆ ಕೂರಿಸಿಕೊಂಡು, ಅಂದಿನವರೆಗೆ ಯಾರಿಗೂ ಹೇಳದ್ದನ್ನು ಹೇಳಿದ.

"ಮೆರವಣಿಗ್ಯಾಗ ಇವರು ಕುದರಿ ಮ್ಯಾಲ. ನಾವು ಮುಂದ. ಇವರ ಕಡಿ ಬೆನ್ನು ಮಾಡಂಗಿಲ್ಲ, ಹಂಗ ದಸ್ತೂರ. ಮುಖ ಇವರ ಕಡಿ, ಹೆಜ್ಜಿ ಹಿಂದಕ್ಕ. ಬಾರಸೂ ಮಂದಿ ಎಲ್ಲಾ ನನ್ನ ಬೆನ್ನ ಹಿಂದ. ನನಗ ಅವರ ಮುಖ ಕಾಣಂಗಿಲ್ಲ, ಅವರಿಗಿ ನನ್ನ ಕೈ ಕಾಣಂಗಿಲ್ಲ. ಹೆಗಲು ಕುಣಿಸಿ ತಾಳ ಹೇಳ್ತಿದ್ದೆ. ಹಿಂದ ಏನದ ಅಂತ ನೋಡ್ಲಾಕ ಬರ್ತಿದ್ದಿಲ್ಲ. ಕಲ್ಲು ಬಡೀತಿದ್ವು."

ನಾನು ಅವನ ಹಿಮ್ಮಡಿ ನೋಡಿದೆ. ನಾಲ್ಕು ವರ್ಷ ಎಣ್ಣೆ ತಿಕ್ಕಿದ್ದೇನೆ, ಒಂದು ದಿನವೂ ಗೊತ್ತಾಗಿರಲಿಲ್ಲ.

"ನೀ ಹಾಡಸೂ ಮುಂದ ಯಾವ ಕಡಿ ಮುಖ ಮಾಡ್ತಿ?" ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಮಾಸ್ತರ ಕಡಿ."

ಮುತ್ಯಾ ನನ್ನ ತಲೆಯ ಮೇಲೆ ಕೈಯಿಟ್ಟ.

"ಮೂರು ತಲಿಮಾರು ಆಯ್ತು. ಇನ್ನಾ ಹೋಗಿಲ್ಲ ನೋಡು ಇದು" ಎಂದ. ನಾನು ಅವನ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಹಾಡಿಗಾಗಿ ಅತ್ತೆನೋ ಅವನಿಗಾಗಿ ಅತ್ತೆನೋ, ಎರಡೂ ಇರಬೇಕು.

ಗಂಟು ಬಿಚ್ಚಿದವಳು ಶೋಭಾ. ಮರುದಿನ ಶಾಲೆಯಲ್ಲಿ ನಾನು ಬೆಂಚು ಬದಲಿಸಿದ್ದೆ. ಅವಳು ಏನಾಯಿತೆಂದು ಕೇಳಿ ಕೇಳಿ ನನ್ನ ಬಾಯಿ ಬಿಡಿಸಿದಳು. ಆ ಸಂಜೆ ತನ್ನ ಅಪ್ಪನ ಜೊತೆ ಜೀಪಿನಲ್ಲೇ ಬಂದು, ಬೇಲಿಯ ಹತ್ತಿರ ಇಳಿದು, ನಮ್ಮ ಪಡಸಾಲೆ ದಾಟಿ ಸೀದಾ ಅಡುಗೆಮನೆಗೆ ನಡೆದಳು.

"ಕಾಕು, ನನಗ ಚಾ ಕೊಡ್ರಿ."

ಕುಡಿದಳು. ಕಪ್ಪು ಮುಂದಿಟ್ಟು ಇನ್ನೊಂದು ಕೇಳಿದಳು. ಹೊರಗೆ ಹಾರನ್ ಬಡಿಯಿತು. ಮೂರನೆಯ ಕಪ್ಪು ಕೇಳಿದಳು. ಆ ಹುಡುಗಿಗೆ ಚಹಾ ಸೇರುತ್ತಲೇ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಹಾರನ್ ನಿಂತಿತು. ಸ್ವಲ್ಪ ಹೊತ್ತಿಗೆ ನಮ್ಮ ತಗ್ಗು ಬಾಗಿಲಲ್ಲಿ ಸಾವಕಾರ ತಲೆ ಬಗ್ಗಿಸಿದ.

"ಶೋಭಾ, ನಡಿ ಮನಿಗಿ."

"ಸುಜಾತಾ ಇಲ್ದಿದ್ರ ನಾ ಹಾಡಂಗಿಲ್ಲಪ್ಪಾ. ಯಾರೂ ಹಾಡಂಗಿಲ್ಲ. ನೀ ಕುಂದ್ರು."

ಮುತ್ಯಾ ಆಗ ಪಡಸಾಲೆಯ ಹೊರಸಿನ ಮೇಲಿದ್ದ. ಏಳಲಿಲ್ಲ. ಪಕ್ಕದ ಜಾಗ ತಟ್ಟಿದ. ಸಾವಕಾರ ಅಂಚಿಗೆ ಕೂತ. ಆದರೆ ಆ ಹೊರಸಿನ ಹಗ್ಗ ಸಡಿಲಾಗಿ ಎಷ್ಟೋ ಕಾಲವಾಗಿತ್ತು. ಯಾರು ಎಲ್ಲಿ ಕೂತರೂ ನಡುವಿನ ಗುಣಿಗೇ ಜಾರುವುದು. ನೋಡನೋಡುತ್ತಿದ್ದಂತೆ ಇಬ್ಬರ ಹೆಗಲೂ ಒಂದಕ್ಕೊಂದು ತಾಗಿದವು. ಅವ್ವ ಮೊದಲು ನೀರು ತಂದಳು, ಆಮೇಲೆ ಚಹಾ. ಸಾವಕಾರ ಒಂದು ಗುಟುಕು ಕುಡಿದವನು ಮುಖ ಕಿವುಚಿದ.

"ಸಕ್ರಿ ಹಾಕಿಲ್ರಿ" ಎಂದಳು ಅವ್ವ, "ನಿಮಗ ಬ್ಯಾನಿ ಅದಲ್ರೀ."

ಬ್ಯಾನಿಯೂ ಇಲ್ಲ ಗೀನಿಯೂ ಇಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಸಪ್ಪೆ ಚಹಾವನ್ನು ಅವನು ತಳದವರೆಗೆ ಕುಡಿದ. ಮುತ್ಯಾ ತನ್ನದನ್ನು ಬಸಿಯಲ್ಲಿ ಹಾಕಿಕೊಂಡು ಸೊರ್ ಸೊರ್ ಎಂದು ಹೀರಿದ. ಕಪ್ಪು ಕೆಳಗಿಟ್ಟು ಸಾವಕಾರ ಕೈ ಜೋಡಿಸಿದ.

"ನಿಮ್ಮ ಮೊಮ್ಮಗಳಿಗಿ ಭಾಲ್ಕಿಗಿ ಕಳಸ್ರಿ. ಹುಡುಗರು ಆಕಿ ಕೈ ನೋಡಿ ಹಾಡ್ತಾರಂತ."

"ಕಳಸ್ತೇವ್ರಿ."

ಜೀಪು ಹೋದ ಮೇಲೆ ಮುತ್ಯಾ, "ಒಂದು ಚಮಚಾ ಸಕ್ರಿ ಹಾಕಬಹುದಿತ್ತವ್ವಾ" ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಆ ಕರಾರನ್ನು ನಾನು ಇಂದಿಗೂ ಮುರಿದಿಲ್ಲ. ನನ್ನ ಕಾರ್ಯಕ್ರಮ ಬೇಕಾದವರು, ಯಾವ ದೇಶದವರೇ ಆಗಲಿ, ಮೊದಲ ಸಲ ಮನೆಗೆ ಬಂದು ಕೂತು ಚಹಾ ಕುಡಿಯಬೇಕು. ಫೋನಿನಲ್ಲಿ ಮಾತು ಮುಗಿಸುವುದಿಲ್ಲ. ಕೆಲವರು ಇದನ್ನು ನನ್ನ ಸೊಕ್ಕು ಎಂದು ಬರೆದಿದ್ದಾರೆ. ಬರೆಯಲಿ. ಸಕ್ಕರೆ ಮಾತ್ರ ಕೇಳಿ ಹಾಕುತ್ತೇನೆ.

ಭಾಲ್ಕಿಯ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ನಮ್ಮ ಪಿಯಾನೋ ಅಲ್ಲಿಗೆ ಬರುವಂಥದ್ದಲ್ಲ. ಪೇಟಿ ಮಾಸ್ತರರು ಸ್ವರ ಹಿಡಿದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಸಾವಕಾರ, ಅವನ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುತ್ಯಾ. ವೇದಿಕೆಗೆ ಹತ್ತಿದವಳು ನಾನು ಮತ್ತೆ ಅವರ ಕಡೆಗೇ ಮುಖ ಮಾಡಿ ನಿಂತೆ. ಮುತ್ಯಾ ನನ್ನನ್ನೇ ನೋಡುತ್ತಿದ್ದ. ಸನ್ನೆ ಮಾಡಲಿಲ್ಲ, ತಲೆಯಾಡಿಸಲಿಲ್ಲ. ಚಪ್ಪಲಿಯಿಂದ ಕಾಲು ತೆಗೆದು, ಒಂದು ಪಾದದಿಂದ ಇನ್ನೊಂದರ ಹಿಮ್ಮಡಿ ಉಜ್ಜಿಕೊಂಡ, ಅಷ್ಟೇ. ನಾನು ತಿರುಗಿಯೇಬಿಟ್ಟೆ. ಅಧಿಕಾರಿಗಳು, ಸಾವಕಾರ, ಎಲ್ಲರೂ ಬೆನ್ನಿಗೆ ಹೋದರು. ಮೊದಲ ಸಲ ನಲವತ್ತು ಮುಖ ಕಂಡವು. ಔರಾದಿನ ಮಕ್ಕಳು ಬಲಕ್ಕೆ, ಹಿಂದಿನ ಸಾಲಿನಲ್ಲಿ, ಕುತ್ತಿಗೆ ಚಾಚಿ ನನ್ನ ಕೈ ಹುಡುಕುತ್ತಿದ್ದರು. ಕೈಯನ್ನು ಅವರಿಗೆ ಕಾಣುವಷ್ಟು ಮೇಲೆ ಎತ್ತಿದೆ. ಎಲ್ಲರೂ ಒಟ್ಟಿಗೆ ಉಸಿರೆಳೆದ ಸದ್ದು ಕೇಳಿಸಿತು. ಔರಾದಿನವರು ಸರಿಯಾದ ಮಾತ್ರೆಗೆ ಎತ್ತಿಕೊಂಡರು. ಆಮೇಲೆ ಎಷ್ಟೋ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನಿಂತಿದ್ದೇನೆ. ಆ ಸುಖ ಮತ್ತೆ ಅಷ್ಟು ಪೂರಾ ಸಿಕ್ಕಿಲ್ಲ. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ತಿರುಗಿ ನಮಸ್ಕಾರ ಮಾಡುವುದೂ ಮರೆತುಹೋಗಿತ್ತು.

ತಿರುಗಿ ಬರುವ ರೈಲಿನಲ್ಲಿ ಮುತ್ಯಾ ಕಾಗದದ ಪೊಟ್ಟಣದಿಂದ ಚೂಡಾ ತಿನ್ನುತ್ತ ಕಿಟಕಿಯ ಹೊರಗೇ ನೋಡುತ್ತಿದ್ದ. ಹೇಗಿತ್ತು ಎಂದು ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟ.

"ಹಾಡು ನನಗೇನು ತಿಳೀತದ. ನಿನ್ನ ಬೆನ್ನು ನೆಟ್ಟಗಿತ್ತು."

ಅವತ್ತು ಭಾನುವಾರ. ಮನೆಗೆ ಬಂದು ಕೈಕಾಲು ತೊಳೆದು ವಾಡಿಕೆಯಂತೆ ಎಣ್ಣೆಯ ಬಟ್ಟಲು ತಂದೆ. ಮುತ್ಯಾ ಕಾಲು ಚಾಚಲಿಲ್ಲ. ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡ.

"ಇವತ್ತ ನೀ ಕುಂದ್ರು."

ಬೇಡ ಬೇಡ ಎಂದರೂ ಕೇಳದೆ ನನ್ನ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಹಿಮ್ಮಡಿಗೆ ಎಣ್ಣೆ ಸವರಿ, ಹೆಬ್ಬೆರಳಿನಿಂದ ಮೆಲ್ಲಗೆ ಸುತ್ತಲೂ ತಡವಿ ನೋಡಿದ, ಒಂದು ಕಾಲು, ಆಮೇಲೆ ಇನ್ನೊಂದು. ಅಡುಗೆಮನೆಯಲ್ಲಿದ್ದ ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಏನೂ ಆಗಿಲ್ಲ ನೋಡು. ಒಂದು ಗೆರಿ ಸೈತ ಇಲ್ಲ."